ಉಬ್ಬಿದ ಡಬ್ಬಗಳು

ನಂದಿದುರ್ಗ ಲೈನು, ಕೋಲಾರ ಚಿನ್ನದ ಗಣಿ
೧೯೪೩ನೇ ಇಸವಿ, ಆಗಸ್ಟ್ ೧೯, ಗುರುವಾರ

ಪ್ರೀತಿಯ ಅಣ್ಣನಿಗೆ ತಮ್ಮ ಕೋದಂಡಪ್ಪನ ನಮಸ್ಕಾರ.

ಜಬಲ್ಪುರದ ಹವೆ ಒಗ್ಗಿತೇ? ಬೂಟು ಕಚ್ಚಿ ಆಗಿದ್ದ ಕಾಲಿನ ಹುಣ್ಣು ಒಣಗಿತೇ? ಮುದ್ದೆಯಿಲ್ಲದೆ ಹೊಟ್ಟೆ ತುಂಬುವುದಿಲ್ಲವೆಂದು ನೀನು ಬರೆದಿದ್ದೆ, ಓದಿ ಸಂಕಟವಾಯಿತು. ಅತ್ತಿಗೆ ಎರಡು ಹೊತ್ತೂ ಊಟ ಮಾಡುತ್ತಿದ್ದಾರೆ. ನಾನೂ ಮಾಡುತ್ತಿದ್ದೇನೆ. ಕ್ಯಾಸಂಬಳ್ಳಿಯ ಹೊಲದಲ್ಲಿ ರಾಗಿ ಪೈರು ಎದ್ದಿದೆಯೆಂದು ಸೊಣ್ಣಪ್ಪ ಮಾವ ಹೇಳಿಕಳಿಸಿದ್ದಾರೆ.

ನಿನ್ನ ಮಗಳು, ನಮ್ಮ ಕೂಸು ಅಕ್ಕಯ್ಯ ತೀರಿಹೋದಳೆಂದು ಮಾತ್ರ ತಂತಿ ಕೊಟ್ಟಿದ್ದೆ. ಹೇಗೆ ಎಂದು ನೀನು ಕೇಳಿದ್ದೀಯ. ನಾನು ಗುಮಾಸ್ತನಾಗಿರುವ ಧರ್ಮಸಂಘದ ಹಾಲಿನ ಕೇಂದ್ರಕ್ಕೆ ಜುಲೈಯಲ್ಲಿ ಪುದುಚೇರಿಯಿಂದ ಡಬ್ಬದ ಹಾಲು ಬಂತು. ಪೆಟ್ಟಿಗೆಗಳ ಜೊತೆಗೆ ಡಬ್ಬಗಳನ್ನು ಪರೀಕ್ಷಿಸುವ ವಿಧಾನ ಬರೆದ ನಾಲ್ಕು ಹಾಳೆ ಇದ್ದವು, ಎಲ್ಲವೂ ಫ್ರೆಂಚಿನಲ್ಲಿ. ಪುದುಚೇರಿಯ ಔಷಧಿ ಅಂಗಡಿಯಲ್ಲಿ ನಾನು ಆರು ವರ್ಷ ದುಡಿದದ್ದು ಕೇಂದ್ರದ ಡಾಕ್ಟರಿಗೆ ಗೊತ್ತಿತ್ತು. ಇಂಗ್ಲಿಷಿಗೆ ಇಳಿಸಿಕೊಡು ಎಂದರು. ಕಷ್ಟದ ಪದಗಳಿಗೆ ಬೆಂಗಳೂರಿನಿಂದ ನಿಘಂಟು ತರಿಸಲು ಬರೆದೆವು. ಅದು ಬರುವವರೆಗೆ ಮಕ್ಕಳು ಕಾಯುವ ಹಾಗಿರಲಿಲ್ಲ. ಹುಳಿಯ ಅಳತೆ, ವಾಸನೆ, ಬಣ್ಣ, ಎಲ್ಲಕ್ಕೂ ಇಂಗ್ಲಿಷ್ ಪದ ಸಿಕ್ಕಿತು. ಒಂದು ಪದ ಮಾತ್ರ ಸಿಗಲಿಲ್ಲ. ನಮ್ಮ ಬೊಂಬೆಯ ಹಾಗೆ ಉಚ್ಚಾರ. ಅಂಥ ಡಬ್ಬವನ್ನು ಎಸೆಯಬೇಕು ಎಂದಿತ್ತು. ಯುದ್ಧದ ಕಾಲವಲ್ಲವೇ, ನನಗೆ ಬಾಂಬು ನೆನಪಾಯಿತು. ಏಟು ಬಿದ್ದು ನೆಗ್ಗಿದ ಡಬ್ಬ ಇರಬೇಕೆಂದುಕೊಂಡು ಹಾಗೇ ಬರೆದೆ. ಖಂಡಿತವೇ ಎಂದು ಡಾಕ್ಟರು ಕೇಳಿದರು. ಖಂಡಿತ ಎಂದೆ. ನೆಗ್ಗಿದವನ್ನೆಲ್ಲ ಎಸೆದು ಉಳಿದವನ್ನು ಗಣಿ ಕೆಲಸಗಾರರ ಲೈನುಗಳ ಮನೆಮನೆಗೆ ಹಂಚಿದೆವು.

ಅತ್ತಿಗೆಗೆ ಜ್ವರ ಬಂದು ಹಾಲು ಬತ್ತಿತ್ತು. ಒಂದು ಡಬ್ಬವನ್ನು ನಾನೇ ಆರಿಸಿ ತಂದೆ, ಎಲ್ಲೂ ಒಂದು ನೆಗ್ಗು ಇರಲಿಲ್ಲ. ಅತ್ತಿಗೆ ಅದರ ಮುಚ್ಚಳ ಸವರಿ, "ಇದ್ಯಾಕಪ್ಪ, ಒಟ್ಟೆ ಉಬ್ಬಿದಂಗೈತೆ?" ಎಂದರು. "ಹಾಲು ತುಂಬಿ ತುಳುಕ್ತೈತೆ ಅತ್ತಿಗೆ, ಅದಕ್ಕೇ" ಎಂದೆ. ಮಾರನೆಯ ದಿನ ಮಗುವಿಗೆ ವಾಂತಿ ಹಿಡಿಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಮೂರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟಳು. ಅವಳನ್ನು ಮಣ್ಣು ಮಾಡಿ ಬಂದು ಕೈಕಾಲು ತೊಳೆದು ಮಾರನೆಯ ದಿನ ಕೆಲಸಕ್ಕೆ ಹೋದೆ. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮೊನ್ನೆ ನಿಘಂಟು ಬಂತು. ಆ ಪದದ ಅರ್ಥ ಉಬ್ಬಿದ್ದು ಎಂದು. ಒಳಗೆ ಹಾಲು ಕೆಟ್ಟರೆ ಡಬ್ಬ ಉಬ್ಬುತ್ತದಂತೆ. ಪುಸ್ತಕವನ್ನು ಡಾಕ್ಟರ ಮೇಜಿನ ಮೇಲೆ ತೆರೆದಿಟ್ಟು, ತಪ್ಪು ನನ್ನದೆಂದೆ. ಅವರು ಅದನ್ನು ಓದಿದರು. ಆಮೇಲೆ ಹಂಚಿಕೆ ನಿಲ್ಲಿಸಿ, ಮನೆಗಳಿಗೆ ಹೋದ ಡಬ್ಬಗಳನ್ನು ಮರಳಿಸಬೇಕೆಂದು ನೋಟೀಸು ಬರೆಸಿದರು. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ನಿನ್ನೆ ಕೇಂದ್ರದ ಬಾಗಿಲಿಗೆ ಅಂಟಿಸಿದವನೂ ನಾನೇ.

ಅತ್ತಿಗೆಗೆ ಇದು ಗೊತ್ತಿಲ್ಲ. ನೀನು ಏನು ಬೈದು ಬರೆದರೂ ಓದುತ್ತೇನೆ. ನಿನ್ನನ್ನು ದೇವರು ಸುಖವಾಗಿಟ್ಟಿರಲಿ.

ನಿನ್ನ ತಮ್ಮ,
ಕೋದಂಡಪ್ಪ

ಮತ್ತೆ: ಲಕೋಟೆಗೆ ಹಾಕುವ ಮುಂಚೆ, "ಏನು ಬರ್ದೆ, ಓದಪ್ಪ" ಎಂದು ಅತ್ತಿಗೆ ಕೂತರು. ಪದದ ಸಂಗತಿ ಬಿಟ್ಟು ಓದಿದೆ. "ಇಷ್ಟು ಬರ್ದಿದ್ದೀಯ, ಓದಿದ್ದು ಇಷ್ಟೇನಾ?" ಎಂದರು. ಮೊದಲಿಂದ ಎಲ್ಲವನ್ನೂ ಓದಿದೆ. ಅವರು ನನ್ನ ಮುಖ ನೋಡಲಿಲ್ಲ. "ಆ ನೋಟೀಸು ನಮ್ಮ ಲೈನಾಗೆ ಯಾರಿಗೆ ಓದಾಕೆ ಬತ್ತದೆ? ಮುನಿನಾರಾಯಣಮ್ಮನ ಮನೇಲಿ ಇನ್ನೂ ಒಡೀದಿರೋ ಡಬ್ಬ ಐತೆ" ಎನ್ನುತ್ತ ಎದ್ದು ಓಡಿದರು. ಈಗ ತಾನೇ ಅದನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟರು. ಉಬ್ಬಿದೆ. ಆ ಮನೆಯ ಮಗು ಚೆನ್ನಾಗಿದೆಯಂತೆ. ಉಳಿದ ಮನೆಗಳಲ್ಲೂ ಕೇಳಲು ಪಕ್ಕದ ಸಾಲಿಗೆ ಹೋದರು. ಕಾಗದ ಇಲ್ಲಿಗೆ ಮುಗಿಸುತ್ತೇನೆ ಅಣ್ಣ, ಡಬ್ಬ ಕೇಳಿ ತರಲು ಗಣಿಯ ಕೋರಮಂಡಲ್ ಕಡೆಯ ಲೈನುಗಳಿಗೆ ನಾನು ಹೋಗಬೇಕು.