ಬಂದರದ ಕ್ವಾಟ್ಯಾಗಿನ ಹಗೇವು

ಝಳಕಿ
೧೪ ಡಿಸೆಂಬರ್ ೨೦೨೪

ಜೀವದ ಗೆಳತಿ ಕಸ್ತೂರೆವ್ವಗ ಜನ್ನತಬಿ ಮಾಡೂ ಸಲಾಮು, ಶರಣು.

ನಿನ್ನ ಪತ್ರ ಬಂದು ದೀಪಾವಳಿ ಮುಗದ್ರೂ ನನ್ನ ಉತ್ತರ ಇಲ್ಲಂತ ನಾಲತವಾಡದಾಗ ಕುಂತು ಬೈದಿರ್ತಿ. ಬೈಯವ್ವಾ, ತಪ್ಪು ನಂದ. ಫೋನ್ ಮಾಡೂಣಂದ್ರ ನಿನಗ ಕಿವಿ ಕೇಳಂಗಿಲ್ಲ, "ಏನಂದಿ, ಏನಂದಿ" ಅಂತ ಓಣಿ ಮಂದೀನೆಲ್ಲಾ ಕೂಡಸ್ತಿ. ಅದಕ್ಕ ಬರ್ಯಾಕತ್ತೇನಿ. ನನ್ನ ಮಗಳು ಶಮಾ ಗೆದ್ದಳು, ಕಸ್ತೂರಿ! ತಂದಿ ಇಲ್ಲದ ಹುಡುಗಿ ಏನ್ ಓದ್ತಾಳ ಅಂದವರ ಬಾಯಿಗೆ ಈಗ ಸಕ್ಕರಿ ಹಾಕಿ ಬಂದೇನಿ.

ಅಕಿ ನೌಕರಿ ನಿನಗ ಗೊತ್ತಲ್ಲ, ಸಮುದ್ರದ ದಂಡಿ ಊರಾಗ ಬಂದರ ಕಾಯೂ ಹಳೀ ಕ್ವಾಟಿ ಇತಿಹಾಸ ಬರಿಯೂದು. ಹಿಂದಕ ವೈರಿ ಹಡಗ ಬಂದು ಬಂದರದ ಬಾಯಿ ಕಟ್ಟಿ ನಿಂತಿದ್ವಂತ. ಮಳಿಗಾಲ ಪೂರ್ತಿ ಒಳಗ ಒಂದು ಕಾಳು ಹೋಗಲಿಲ್ಲ, ಆದ್ರೂ ಕ್ವಾಟಿ ಬಗ್ಗಲಿಲ್ಲ. ಒಳಗಿನವರು ಏನ್ ತಿಂದು ಬದುಕಿದ್ರು? ಯಾರಿಗೂ ತಿಳಿದಿರಲಿಲ್ಲ. ಶಮಾ ಅಂದಳು, "ಕಾವಲಿಗಿದ್ದವರು ನಮ್ಮ ಇಂಡಿ, ಸಿಂದಗಿ ಕಡೀ ಮಂದಿ. ಅಂಗಳದಾಗಿನ ಕುಣಿ ಸೆರೆಮನಿ ಅಲ್ರಿ, ಜ್ವಾಳ ತುಂಬಿಡೂ ಹಗೇವು."

ನಾವು ನೆಲದಾಗಿನ ಹಗೇವು ತೆಗೆದ ಜ್ವಾಳ ಉಂಡು ಬೆಳದವರು, ನಮಗೇನು ಹೊಸಾದಲ್ಲ. ಅಲ್ಲಿ ಗೈಡುಗಳು ಮಾತ್ರ ಅದರ ಮ್ಯಾಲಿನ ಹಾಸಗಲ್ಲು ತೋರಿಸಿ, ಕೈದಿಗಳನ್ನ ಇದರಾಗ ಕೆಡವಿ ಕೊಲ್ತಿದ್ರು ಅಂತ ಹೇಳಿ ಮಂದೀನ ಅಂಜಸ್ತಿದ್ರು. ಅಕಿ ಇಲಾಖೆ ದೊಡ್ಡ ಸಾಹೇಬರೂ ನಕ್ಕರಂತ. "ಮೇಡಂ, ಸಮುದ್ರದ ದಡದಲ್ಲಿ ನೆಲದೊಳಗೆ ಜೋಳ ಇಟ್ಟರೆ ಮೊಳಕೆ ಬರ್ತದೆ, ಅಷ್ಟೇ." ನಮ್ಮ ಹುಡುಗಿ ಸುಮ್ಮ ಕುಂತೀತೇನು? "ಕಲ್ಲು ಎತ್ತಸ್ರಿ, ನನ್ನ ಮಾತು ಸುಳ್ಳಾದ್ರ ನೌಕರಿ ಬಿಡ್ತೇನಿ" ಅಂದಳು. ಅದನ್ನ ಕೇಳಿ ಬಸ್ ಹತ್ತಿ ನಾನೂ ಹೋಗೇಬಿಟ್ಟೆ.

ಕಲ್ಲು ಎತ್ತಿದ್ರು. ಒಬ್ಬಾಂವ ಏಣಿ ಮ್ಯಾಲೆ ಕಾಲಿಟ್ಟ ನೋಡು, ಶಮಾ ಚೀರಿದಳು. "ಯಾರೂ ಇಳೀಬ್ಯಾಡ್ರಿ!" ಕಂದೀಲು ಹಚ್ಚಿ ಹಗ್ಗ ಕಟ್ಟಿ ಒಳಗ ಬಿಟ್ಟಳು. ಅರ್ಧಕ್ಕ ಹೋಗೂದ್ರಾಗ ಪಟ್ಟಂತ ಆರಿತು. ಒಳಗಿನ ಗಾಳಿ ಕೆಟ್ಟಿತ್ತು. ಏಣಿ ಮ್ಯಾಲಿದ್ದಾಂವ ಬೆವತು ಹಿಂದ ಸರಿದ. ಹಗೇವಿನ ಬಾಯಿ ತೆರದಿಟ್ಟು, ಫ್ಯಾನ್ ಹಚ್ಚಿ ಗಾಳಿ ಆಡಿಸಿ, ಕಂದೀಲು ಉರಿಯೂತನಾ ಕಾದು, ಆಮ್ಯಾಲೆ ಅಕೀನ ಮೊದಲು ಇಳಿದಳು. ನಾ ಸೆರಗು ಬಾಯಾಗಿಟ್ಟು ನಿಂತಿದ್ದೆ.

ಮ್ಯಾಲೆ ಬಂದಾಗ ಮುಷ್ಟಿ ತುಂಬ ಕಪ್ಪಿಟ್ಟ ಜ್ವಾಳ! ಗ್ವಾಡಿಗೆ ಗಚ್ಚು ಬಡದು, ತಳಕ್ಕ ಬೂದಿ ಹಾಸ್ಯಾರಂತ, ಥೇಟ ನಮ್ಮೂರಿನಂಗ. ನಾ ಅಲ್ಲೇ ಸಿಳ್ಳಿ ಹೊಡದೆ, ಈ ವಯಸ್ಸಿನ್ಯಾಗ! ಕಟಗೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲಾರಿಗೂ ಹಂಚಿದೆ. ಸಾಹೇಬರು ರೊಟ್ಟಿ ಕಟಂ ಅಂತ ಮುರದು, "ಅಮ್ಮಾ, ಇದನ್ನು ತಿಂದವರು ಸೋಲೋದುಂಟಾ?" ಅಂದ್ರು. ಮನಸು ದೊಡ್ಡದೈತಿ ಬಿಡು. ಸೆರೆಮನಿ ಅನ್ನೂ ಬೋರ್ಡು ತಾವ ನಿಂತು ತಗಿಸಿದ್ರು. ಹೊಸಾ ಬೋರ್ಡಿನ ಮ್ಯಾಲೆ ನಮ್ಮ ಇಂಡಿ ಹೆಸರು ಬರ್ತೈತಿ.

ಮಂಡಿನೋವಿಗೆ ಎಣ್ಣಿ ತಿಕ್ಕಸಗೋ, ಹಟಾ ಮಾಡಬ್ಯಾಡ. ನಿನ್ನ ಮಕ್ಕಳು ಮೊಮ್ಮಕ್ಕಳ ಮ್ಯಾಲೆ ದೇವರ ನೆಳ್ಳಿರಲಿ, ನಿನ್ನ ಮನೀ ಒಲಿ ಎಂದೂ ಆರದಿರಲಿ.

ನಿನ್ನ
ಜನ್ನತಬಿ

ತಾ.ಕ.: ಕಂದೀಲು ಆರಿದಾಗ ಸಾಹೇಬರು, "ಇದನ್ನು ಯಾವ ಪುಸ್ತಕದಲ್ಲಿ ಓದಿದ್ರಿ?" ಅಂತ ಕೇಳಿದ್ರು. ಶಮಾ, "ಓದಿಲ್ರಿ. ನಮ್ಮ ಅಬ್ಬಾ ಹಗೇವಿನ್ಯಾಗ ಇಳದು ಮ್ಯಾಲೆ ಬರಲಿಲ್ಲ. ನಾ ದಂಡ್ಯಾಗ ನಿಂತು ಕರೀತಿದ್ದೆ" ಅಂದಳು. ಕಸ್ತೂರಿ, ಎದಿನೋವು ಬಂದು ಹೋದ್ರು ಅಂತ ಅಕಿಗೆ ನೀನೂ ನಾನೂ ಹೇಳಕೋತ ಬಂದೀವಲ್ಲ. ಅವತ್ತು ಸಣ್ಣ ಕೂಸು, ನಿನ್ನ ಮನ್ಯಾಗ ಮಲಗೈತಿ ಅಂತ ತಿಳದಿದ್ವಿ. ಅಕಿ ಎಲ್ಲಾ ನೋಡ್ಯಾಳ. ನಾ ನೊಂದಗೋತೇನಿ ಅಂತ ಇಷ್ಟು ವರ್ಷ ನನ್ನ ಸುಳ್ಳಿಗೆ ಹೂಂ ಅಂದಾಳ.