ಅರ್ಧ ತುಂಬಿದ ಅರ್ಜಿಯನ್ನು ಅಳಿಸುವವರಿಗೆ

ವಿದ್ಯಾರ್ಥಿ ವಸತಿ ನಿಲಯಗಳ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸಿ ಹಾರ ಹಾಕಿಸಿಕೊಂಡ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಬಶೀರಾಬಾದಿನ ಯಶೋಧಾ ಎಂಬ ಹುಡುಗಿಗೆ ಜಹೀರಾಬಾದಿನ ವಸತಿ ನಿಲಯದಲ್ಲಿ ಸಿಗಬೇಕಿದ್ದ ಜಾಗ ನಿಮ್ಮ ಒಂದು ಆದೇಶದಿಂದ ಕೈತಪ್ಪುತ್ತಿದೆ. ಅವಳ ಅಂಕ ಕಡಿಮೆಯಿಲ್ಲ, ಕಾಗದಪತ್ರ ಸುಳ್ಳಲ್ಲ. ಅವಳ ತಾಯಿ ಅರ್ಜಿಯ ಒಂದು ಪ್ರಶ್ನೆಗೆ ಉತ್ತರ ಹೇಳುವುದು ತಡವಾಯಿತು, ಅಷ್ಟೇ. ತಡವಾಯಿತೆಂದು ನಿಮ್ಮ ಪರದೆ ಬರೆದದ್ದನ್ನೆಲ್ಲ ಅಳಿಸಿ ಹಾಕಿತು. ಜಾಗ ಸಿಗದಿದ್ದರೆ ಅವಳ ಕಾಲೇಜು ಇಲ್ಲಿಗೇ ಮುಗಿಯಿತು, ಯಾಕೆಂದರೆ ಬಶೀರಾಬಾದಿನಿಂದ ಜಹೀರಾಬಾದಿಗೆ ದಿನಾ ಹೋಗಿಬರುವುದು ನಿಮ್ಮ ಕಾರಿಗೂ ಕಷ್ಟ.

ಆ ಪರದೆಯನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ‘ನಿನಗೇನು ಗೊತ್ತಮ್ಮಾ’ ಎಂದು ಗದರುವ ಮೊದಲು ಸ್ವಲ್ಪ ತಡೆಯಿರಿ. ನಾವು ಬಳಸಿದ್ದು ಇಂಥ ಕೆಲಸಕ್ಕೆಂದೇ ಹುಟ್ಟಿದ ಒಂದು ಪ್ರೋಗ್ರಾಮಿಂಗ್ ಭಾಷೆ. ಸಾಮಾನ್ಯ ವೆಬ್‌ಸೈಟು ಪ್ರತಿ ಪುಟಕ್ಕೂ ಸರ್ವರಿನ ಬಾಗಿಲು ಬಡಿಯುತ್ತದೆ. ನಮ್ಮದು ಒಮ್ಮೆ ಬ್ರೌಸರಿನೊಳಗೆ ಇಳಿದರೆ ಅಲ್ಲೇ ಕೂತು ಕೆಲಸ ಮಾಡುತ್ತದೆ. ಪಟ್ಟಿಗಳು ಜಾರಿ ಬರುತ್ತವೆ, ಎಷ್ಟು ಅರ್ಜಿ ಬಂದವೆಂದು ತೋರಿಸುವ ಚಕ್ರದಂಥ ನಕ್ಷೆ ಬಣ್ಣಬಣ್ಣವಾಗಿ ತಿರುಗುತ್ತದೆ, ಪುಟ ಬದಲಾದದ್ದೇ ತಿಳಿಯುವುದಿಲ್ಲ. ದೊಡ್ಡ ಕಂಪನಿಗಳು ತಮ್ಮ ಕಾರುಬಾರಿಗೆ ಇಟ್ಟುಕೊಳ್ಳುವಂಥದ್ದು. ಆದರೆ ಅದಕ್ಕೊಂದು ಗುಣವಿದೆ: ಕೊನೆಯ ಬಟನ್ ಒತ್ತುವವರೆಗೆ ಬರೆದದ್ದೆಲ್ಲ ಎದುರಿನ ಯಂತ್ರದಲ್ಲೇ ಇರುತ್ತದೆ. ಯಂತ್ರ ಆರಿದರೆ ಬರೆದದ್ದೂ ಹೋಗುತ್ತದೆ.

ನಾನು ಕನ್ನಡದ ಗಡಿಗೆ ಹತ್ತಿದ ಯಾಲಾಲಿನವಳು. ನಮ್ಮ ಕಡೆ ಅರ್ಜಿ ತುಂಬುವುದು ಒಬ್ಬರ ಕೆಲಸವಲ್ಲ. ಪರದೆ ಇಂಗ್ಲಿಷಿನಲ್ಲಿ ಕೇಳುತ್ತದೆ, ಆಪರೇಟರ್ ಅದನ್ನು ತೆಲುಗಿನಲ್ಲಿ ಹೇಳುತ್ತಾನೆ, ಬಂದವರು ಕನ್ನಡದಲ್ಲಿ ಯೋಚಿಸುತ್ತಾರೆ, ಪಕ್ಕದಲ್ಲಿ ಕೂತವರು ಉರ್ದುವಿನಲ್ಲಿ ಬುದ್ಧಿ ಹೇಳುತ್ತಾರೆ. ಆಮೇಲೆ ಉತ್ತರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಅದಕ್ಕೇ ನಾನು ‘ಅರ್ಧ ಇಡು’ ಎಂಬ ಬಟನ್ ಬರೆದೆ. ಒಮ್ಮೆ ಒತ್ತಿದರೆ ಒಂದೊಂದು ಉತ್ತರವೂ ಆಗಿಂದಾಗಲೇ ಸರ್ವರಿಗೆ ಹೋಗುತ್ತಿತ್ತು, ಮರುದಿನ ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದಿತ್ತು. ನಾರಾಯಣಖೇಡದಲ್ಲಿ ಪರೀಕ್ಷೆ ಮಾಡಿದಾಗ ಹೆಂಗಸರು ಅರ್ಧ ತುಂಬಿ, ಮನೆಗೆ ಹೋಗಿ ಗಂಡಂದಿರನ್ನು ಕೇಳಿ, ನೆಮ್ಮದಿಯಿಂದ ಬಂದು ಮುಗಿಸಿದರು.

ತಾವು ತಪಾಸಣೆಗೆ ಬಂದಿರಿ. ತಿರುಗುವ ನಕ್ಷೆ ನೋಡಿ ಮಗುವಿನಂತೆ ಖುಷಿಪಟ್ಟಿರಿ, ಇನ್ನೂ ಸ್ವಲ್ಪ ಜೋರಾಗಿ ತಿರುಗಲಿ ಎಂದಿರಿ. ನನ್ನ ಬಟನ್ ಕಂಡಾಗ ಮಾತ್ರ ಹುಬ್ಬು ಗಂಟಿಕ್ಕಿದಿರಿ. ಅರ್ಧಂಬರ್ಧ ಮಾಹಿತಿ ಡೇಟಾಬೇಸಿಗೆ ಕಸವಂತೆ. ಹೈದರಾಬಾದಿನಲ್ಲಿ ಯಾರೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲವಂತೆ. ಅದೇ ವಾರ ನಿಮ್ಮ ನಗರದ ತಂಡ ಬಟನ್ ಕಿತ್ತು ಹಾಕಿತು, ಭದ್ರತೆಯ ಹೆಸರಿನಲ್ಲಿ ಹೊಸದೊಂದು ನಿಯಮ ಸೇರಿಸಿತು: ಕೀಲಿಮಣೆ ಐದು ನಿಮಿಷ ಸುಮ್ಮನಿದ್ದರೆ ಎಲ್ಲವನ್ನೂ ಅಳಿಸು. ಹಾಸ್ಟೆಲಿನಲ್ಲಿ ಒಂದು ಮಂಚ ಕೇಳುವ ಹುಡುಗಿಯಿಂದ ಯಾವ ಖಜಾನೆಗೆ ಅಪಾಯವಿತ್ತು ಸ್ವಾಮೀ?

ಗಡುವಿನ ದಿನ ಯಶೋಧಾಳ ತಾಯಿ ಬಾಲಮಣಿ ಮಗಳನ್ನು ಕರೆದುಕೊಂಡು ತಾಂಡೂರಿನ ಸೇವಾ ಕೇಂದ್ರಕ್ಕೆ ಬಂದಳು. ಪ್ರತ್ಯೇಕ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ನಡೆದಿತ್ತು. ಬಸ್ಸಿರಲಿಲ್ಲ, ಯಾರದೋ ಮೋಟಾರ್ ಸೈಕಲ್ ಹಿಡಿದು ಬಂದಿದ್ದರು. ನಿಮ್ಮ ಕಚೇರಿಯ ನೌಕರರೇ ಕೆಲಸ ಬಿಟ್ಟು ಬೀದಿಯಲ್ಲಿದ್ದರು. ನಿಮ್ಮ ಗಡುವೊಂದೇ ಮುಷ್ಕರ ಮಾಡಲಿಲ್ಲ. ಹೈದರಾಬಾದಿಗೆ ಬಸ್ಸಿಲ್ಲದೆ ಈ ಕಡೆಯೇ ಉಳಿದಿದ್ದ ನಾನೂ ಆ ಕೇಂದ್ರದಲ್ಲಿ ಕೂತಿದ್ದೆ.

ಯಶೋಧಾ ಚಿಕ್ಕ ತರಗತಿಗಳನ್ನು ಗಡಿಯಾಚೆ, ಸೇಡಂ ಕಡೆಯ ಅಜ್ಜಿ ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು. ಆ ಶಾಲೆ ಬಿಟ್ಟ ವರ್ಷ ಬರೆಯದೆ ಪರದೆ ಮುಂದೆ ಹೋಗುವುದಿಲ್ಲ. ದಾಖಲೆ ಇದ್ದದ್ದು ಅವಳ ಸೋದರಮಾವ ರೇವಪ್ಪನ ಪೆಟ್ಟಿಗೆಯಲ್ಲಿ. ಬಾಲಮಣಿ ಫೋನ್ ಹಚ್ಚಿದಳು.

“ಜೈಭೀಮ್ ಅಣ್ಣಾ. ಆರಾಮ ಇದ್ದೀರಿ? ವೈನಿ ಹ್ಯಾಂಗ ಇದ್ದಾರ? ಮೊಣಕಾಲ ನೋವು ಕಮ್ಮಿ ಆತೇನ್ರಿ? ಚಾ ಆತಾ?”

ಆಪರೇಟರ್ ತುಳಸಿರಾಮ ಚಡಪಡಿಸಿದ. “ಅಕ್ಕಾ, ಜಲ್ದಿ ಕೇಳ್ರಿ, ಪರದಾ ಅಳಿಸಿ ಹೋಗ್ತದ.”

ಬಾಲಮಣಿ ಫೋನಿಗೆ ಕೈ ಅಡ್ಡ ಹಿಡಿದು ಬೈದಳು. “ಮನಿ ಸುದ್ದಿ ಕೇಳ್ಲಾರ್ದ ಕೆಲಸದ ಮಾತು ಹ್ಯಾಂಗ ತಗೀಲಪ್ಪಾ? ಅಣ್ಣ ಏನ ತಿಳ್ಕೋತಾನ?”

ಮೊಣಕಾಲಿನ ವಿಷಯ ಮುಗಿದು, ರೇವಪ್ಪ ಪೆಟ್ಟಿಗೆ ತೆಗೆದು, ಕನ್ನಡಕ ಹುಡುಕಿ ವರ್ಷ ಓದುವಷ್ಟರಲ್ಲಿ ಪರದೆ ಖಾಲಿಯಾಗಿತ್ತು. ಮತ್ತೆ ಮೊದಲಿಂದ ಹಚ್ಚಿದೆವು. ಈ ಸಲ ಕೀಲಿಮಣೆ ಸುಮ್ಮನಿರದಂತೆ ನಾನೇ ಕಾವಲು ಕೂತೆ. ಕೊನೆಯ ಪುಟದಲ್ಲಿ ಕರೆಂಟ್ ಹೋಯಿತು. ಕಲ್ಲಿದ್ದಲು ಗಣಿಯವರೂ ಮುಷ್ಕರದಲ್ಲಿದ್ದು ಕರೆಂಟಿಗೆ ಬರ ಬಂದಿದ್ದ ದಿನಗಳವು. ಯುಪಿಎಸ್ ನಾಲ್ಕು ಸಲ ಕೂಗಿ ಕಣ್ಣು ಮುಚ್ಚಿತು. ಕರೆಂಟ್ ಬರುವ ಹೊತ್ತಿಗೆ ನಿಮ್ಮ ಅರ್ಜಿಯ ಬಾಗಿಲು ಹಾಕಿಯಾಗಿತ್ತು.

ಅವಕಾಶ ಕೊಡಿ ಎಂದು ನಿಮ್ಮ ಕಚೇರಿಗೆ ಬರೆದೆವು. ಬಂದ ಉತ್ತರವನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಿತ್ತು: ‘ಸದರಿ ವಿದ್ಯಾರ್ಥಿನಿ ಅರ್ಜಿ ಸಲ್ಲಿಸಲು ಪ್ರಯತ್ನಿಸಿದ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ.’ ಎಲ್ಲಿಂದ ಇರುತ್ತದೆ? ಅವಳು ಬಂದಿದ್ದಳು ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ಕಸವೆಂದು ಕಿತ್ತೆಸೆದವರು ನೀವು. ಈಗ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದೀರಿ. ಇದಕ್ಕೆ ನಾಚಿಕೆ ಎಂಬ ಪದ ಕನ್ನಡದಲ್ಲಿದೆ, ತೆಲುಗಿನಲ್ಲೂ ಉರ್ದುವಿನಲ್ಲೂ ಇದೆ. ನಾವು ಬೇಡುತ್ತಿರುವ ರಾಜ್ಯಕ್ಕಾಗಿ ನಾನೂ ರಸ್ತೆಯಲ್ಲಿ ಕೂತವಳು. ನಾಳೆ ಆ ರಾಜ್ಯ ಬಂದಮೇಲೂ ಹೈದರಾಬಾದಿನ ಐದು ನಿಮಿಷವೇ ಗಡಿಯ ಊರುಗಳಿಗೆ ಗಡಿಯಾರವಾಗುವುದಾದರೆ ನಾವು ಕೂತದ್ದು ಯಾರಿಗಾಗಿ?

ನಿನ್ನೆ ಯಶೋಧಾ ಸಿಕ್ಕಿದ್ದಳು. ಹಾಸ್ಟೆಲಿಗೆಂದು ಕಟ್ಟಿದ ಬಟ್ಟೆಯ ಗಂಟನ್ನು ಇನ್ನೂ ಬಿಚ್ಚಿಲ್ಲವಂತೆ. “ಅಕ್ಕಾ, ಮಷೀನ್ ಮರ್ತದಂದ್ರ ನನ್ನ ಹೆಸ್ರು ಇನ್ನೊಮ್ಮಿ ಹೇಳ್ತೀನಿ. ಕೇಳಾಕ ಹೇಳ್ರಿ ಅವ್ರಿಗೆ” ಎಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಹಾಸ್ಟೆಲ್ ಪಟ್ಟಿ ಅಂತಿಮವಾಗುವ ಮೊದಲು ಅರ್ಜಿಯ ಬಾಗಿಲು ತೆರೆಯಿರಿ. ‘ಅರ್ಧ ಇಡು’ ಬಟನ್ ವಾಪಸ್ ಹಾಕಿಸಿ. ಬರೆದದ್ದು ನನ್ನ ಬಳಿ ಹಾಗೇ ಇದೆ, ಒಂದು ಮಧ್ಯಾಹ್ನದ ಕೆಲಸ. ನಕ್ಷೆ ಬೇಕಾದರೆ ತಿರುಗುತ್ತಲೇ ಇರಲಿ.

ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಬಲ್ಲವರೊಬ್ಬರನ್ನು ಹುಡುಕಿಸಿ, ತೆಲುಗಿಗೆ ಹೇಳಿಸಿಕೊಂಡು, ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಸಿಕೊಳ್ಳಿ. ಬಂದವರಿಗೆ ಮೊದಲು ಚಹಾ ಆಯಿತೇ ಎಂದು ಕೇಳಿ. ನಡುವೆ ಐದು ನಿಮಿಷ ಯಾರಾದರೂ ಸುಮ್ಮನಾದರೆ, ಅಥವಾ ಕರೆಂಟ್ ಹೋದರೆ, ಅಲ್ಲಿಯವರೆಗೆ ಬರೆದದ್ದನ್ನು ಹರಿದು ಹಾಕಿ ‘ಮಾನ್ಯರೇ’ ಎಂಬಲ್ಲಿಂದ ಮತ್ತೆ ಶುರು ಮಾಡಿ.

ಇಂತಿ,
ತಮ್ಮ ಡೇಟಾಬೇಸಿಗೆ ಕಸ ತುಂಬಲು ಹೋಗಿ ಸಿಕ್ಕಿಬಿದ್ದ
ಯಾಮಿನಿ, ಯಾಲಾಲ್