ಇದು ಯಾರ ಅಜ್ಜಿ?

ಮಂಗಳವಾರ, ೧೮ ನವೆಂಬರ್ ೨೦೨೫

ಪ್ರಣಿತಾಳ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ. ರಾಜ್ಯದ ಗಡಿಯಾಚೆ ಅಕ್ಕಲಕೋಟದಲ್ಲಿರುವ ನಮ್ಮ ಕನ್ನಡ ಶಾಲೆಯ ಆರನೆಯ ತರಗತಿಯವರೂ ಮೈಸೂರಿನ ಒಂದು ಶಾಲೆಯ ಮಕ್ಕಳೂ ಆನ್‌ಲೈನ್‌ನಲ್ಲಿ ಕೂಡಿ ಕಥೆ ಬರೆಯುತ್ತಿದ್ದಾರೆ. ಇವತ್ತು ಪ್ರಣಿತಾ ತನ್ನ ಅಜ್ಜಿಯ ಮಾತನ್ನು ಟೈಪ್ ಮಾಡಿದಳು: ‘ಮನಿಗಿ ಬಾ, ಉಣ್ಣಾಕ ನೀಡ್ತೀನಿ.’ ನಾವು ನೋಡುತ್ತಿದ್ದಂತೆಯೇ ಆ ಕಡೆಯವರು ಅದನ್ನು ‘ಮನೆಗೆ ಬಾ, ಊಟ ಬಡಿಸುತ್ತೇನೆ’ ಎಂದು ತಿದ್ದಿದರು.

‘ಮ್ಯಾಡಮ್, ಇದು ಯಾರ ಅಜ್ಜಿರಿ? ನಮ್ಮಾಕಿ ಹಿಂಗ ಮಾತಾಡಂಗಿಲ್ರಿ’ ಎಂದಳು.

‘ಖರೆ ಐತಿ’ ಎಂದು ಹಳೆಯ ವಾಕ್ಯವನ್ನೇ ಮತ್ತೆ ಹಾಕಿಸಿದೆ.

ಸಂಜೆ ಮೈಸೂರಿನ ಮೇಷ್ಟ್ರು ಫೋನಿನಲ್ಲಿ ಕೇಳಿದರು: ‘ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡ್ತೀರಾ?’

ಕೊಡುವುದಿಲ್ಲ. ಹೋದ ವಾರ ಪ್ರಣಿತಾಳ ನೋಟ್‌ಬುಕ್ಕಿನ ‘ಮನಿ’ಗೆ ಕೆಂಪು ಗೆರೆ ಎಳೆದವಳು ನಾನೇ. ಆಗ ಅವಳು ಏನೂ ಕೇಳದೆ ಹತ್ತು ಸಲ ‘ಮನೆ’ ಎಂದು ಬರೆದುಕೊಂಡು ಬಂದಿದ್ದಳು. ನಾಳೆ ಅವಳು ಅದನ್ನು ನೆನಪಿಸಿದರೆ, ಕಥೆಯಲ್ಲಿ ಸರಿಯಾದ ‘ಮನಿ’ ನೋಟ್‌ಬುಕ್ಕಿನಲ್ಲಿ ಏಕೆ ತಪ್ಪಾಯಿತು ಎಂದು ನಾನೇ ಹೇಳಬೇಕಾಗುತ್ತದೆ.